ಮಾದರಿ ಅಪ್ಪ ಮಾಡಿದ್ದು, ಅಂಕ ಯಾರಿಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಒಂಬತ್ತನೇ ತರಗತಿಯ 42 ಮಕ್ಕಳಿಗೆ ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಸಿಕ್ಕಿವೆ. ಪ್ರಾಜೆಕ್ಟ್ ಮಾಡಿ ಎಂದರೆ ಯೂಟ್ಯೂಬ್‌ನಲ್ಲಿ ನೋಡಿದ ಅದೇ ಸಿರಿಂಜಿನ ಜೆಸಿಬಿ, ಅದೇ ಸ್ಮಾರ್ಟ್ ಡಸ್ಟ್‌ಬಿನ್ ತರುತ್ತಾರೆ. ಕೆಲವನ್ನು ಮನೆಯವರು ಮಾಡಿಕೊಟ್ಟಿರುತ್ತಾರೆ, ಕೆಲವು ಅಂಗಡಿಯಲ್ಲಿ ಕೊಂಡವು. ಅಂಕ ಹಾಕಲು ಕೂತರೆ ಯಾವುದಕ್ಕೆ ಎಷ್ಟು ಅಂತಲೇ ಗೊತ್ತಾಗುವುದಿಲ್ಲ. ವಿನ್ಯಾಸ ಅನ್ನುವುದನ್ನು ನಿಜವಾಗಿ ಕಲಿಸುವುದು ಹೇಗೆ? ನ್ಯಾಯವಾಗಿ ಅಂಕ ಕೊಡುವುದು ಹೇಗೆ?

ಉತ್ತರ: ಮೇಡಂ, ನಿಮ್ಮ ಎರಡು ಪ್ರಶ್ನೆಗಳೂ ಒಂದೇ. ಅಂಕ ಯಾವುದಕ್ಕೆ ಬೀಳುತ್ತದೋ ಮಕ್ಕಳು ಅದನ್ನೇ ತರುತ್ತಾರೆ. ಕೊನೆಯ ದಿನ ಮೇಜಿನ ಮೇಲೆ ಕೂತಿರುವ ವಸ್ತುವಿಗೆ ಅಂಕವಾದರೆ ಅದನ್ನು ಅಪ್ಪ ಮಾಡಿದರೂ ಒಂದೇ, ಅಂಗಡಿಯವನು ಮಾಡಿದರೂ ಒಂದೇ. ಅಂಕ ಬೀಳಬೇಕಾದದ್ದು ಮಗು ತರಗತಿಯಲ್ಲಿ, ನಿಮ್ಮ ಕಣ್ಣೆದುರು ತೆಗೆದುಕೊಂಡ ನಿರ್ಧಾರಗಳಿಗೆ, ಆ ನಿರ್ಧಾರದಿಂದ ವಸ್ತು ಹೇಗೆ ಬದಲಾಯಿತು ಎನ್ನುವುದಕ್ಕೆ. ಅದಕ್ಕೆ ದಾಖಲೆ ಬೇಕು, ಅದೂ ಅದೇ ದಿನದ್ದು. ಈ ಉತ್ತರದ ಮುಕ್ಕಾಲು ಭಾಗ ಆ ದಾಖಲೆಯನ್ನು ಹುಟ್ಟಿಸುವುದು ಹೇಗೆ ಎಂಬುದರ ಬಗ್ಗೆಯೇ.

ಈ ವಿಷಯವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿ ನೋಡಿದ ದೇಶ ಇಂಗ್ಲೆಂಡ್. ಅಲ್ಲಿ 1990ರಲ್ಲಿ ‘ಡಿಸೈನ್ ಅಂಡ್ ಟೆಕ್ನಾಲಜಿ’ ರಾಷ್ಟ್ರೀಯ ಪಠ್ಯಕ್ರಮದೊಳಗೆ ಬಂತು. ಈ ವಿಷಯದ ಈಗಿನ ಜಿಸಿಎಸ್‌ಇಯಲ್ಲಿ (ಹದಿನಾರರ ಆಸುಪಾಸಿನ ಮಕ್ಕಳ ಸಾರ್ವಜನಿಕ ಪರೀಕ್ಷೆ) ಅರ್ಧ ಅಂಕ ಲಿಖಿತ ಪರೀಕ್ಷೆಗೆ, ಅರ್ಧ ಅಂಕ ಶಾಲೆಯಲ್ಲೇ ಮಾಡುವ ಪ್ರಾಜೆಕ್ಟಿಗೆ. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪ್ರಾಜೆಕ್ಟಿನ 100 ಅಂಕ ಹೇಗೆ ಹಂಚಿದೆ ನೋಡಿ: ಅಗತ್ಯವನ್ನು ಹುಡುಕಿ ಪರಿಶೀಲಿಸುವುದಕ್ಕೆ 10, ಏನು ಮಾಡಬೇಕೆಂಬ ವಿವರಣೆ ಮತ್ತು ನಿಬಂಧನೆಗಳಿಗೆ 10, ಐಡಿಯಾಗಳಿಗೆ 20, ಅವನ್ನು ಬೆಳೆಸುವುದಕ್ಕೆ 20, ತಯಾರಿಸುವುದಕ್ಕೆ 20, ವಿಶ್ಲೇಷಣೆ ಮತ್ತು ಮೌಲ್ಯಮಾಪನಕ್ಕೆ 20. ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಪೂರ್ತಿ ಅಂಕ ನುಂಗುವ ಆ ‘ಮಾದರಿ’ಗೆ ಅಲ್ಲಿ ನೂರಕ್ಕೆ ಇಪ್ಪತ್ತು.

ಆದರೆ ಅವರ ರೋಗವನ್ನೂ ತಿಳಿದಿರಬೇಕು. ಅಂಕ ಫೈಲಿಗೆ ಹೋದ ಕೂಡಲೇ ಮಕ್ಕಳು ಮೊದಲು ವಸ್ತು ಮಾಡಿ, ಆಮೇಲೆ ಕೂತು ‘ನನ್ನ ಮೂರು ಪರ್ಯಾಯ ಐಡಿಯಾಗಳು’ ಎಂದು ಬಣ್ಣದ ಪೆನ್ಸಿಲ್‌ನಲ್ಲಿ ಬರೆಯಲು ಶುರುಮಾಡಿದರು. ಅಂಚಿಗೆ ಬಾರ್ಡರು, ಶೀರ್ಷಿಕೆಗೆ ನೆರಳು, ಒಳಗೆ ಪೊಳ್ಳು. ನಮ್ಮ ಪ್ರಾಜೆಕ್ಟ್ ಫೈಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಆ ಅಂಕಪಟ್ಟಿಯನ್ನು ನಕಲು ಮಾಡಿದರೆ ಸಾಲದು, ಕೆಲಸದ ಕ್ರಮವೇ ಬದಲಾಗಬೇಕು.

ಜೆಸಿಬಿ ಯಾಕೆ ಮತ್ತೆ ಮತ್ತೆ ಬರುತ್ತದೆ

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಕಾಫಿ ಚೆಲ್ಲದ ಲೋಟ ವಿನ್ಯಾಸ ಮಾಡಿ’ ಎಂದು ಹೇಳಿ, ಕೆಲವರಿಗೆ ಮಾತ್ರ ಒಂದು ಸಿದ್ಧ ಚಿತ್ರ ತೋರಿಸಿದ್ದರು. ಚಿತ್ರದಲ್ಲಿ ಸ್ಟ್ರಾ ಇತ್ತು, ಆದರೆ ಸ್ಟ್ರಾ ಬಳಸಬಾರದು ಎಂದು ಸೂಚನೆಯಲ್ಲೇ ಇತ್ತು. ಆದರೂ ಚಿತ್ರ ನೋಡಿದವರ ವಿನ್ಯಾಸದಲ್ಲಿ ಸ್ಟ್ರಾ ಹೆಚ್ಚಾಗಿ ಬಂತು. ಎಂಜಿನಿಯರಿಂಗ್ ಓದುವವರ ಗತಿಯೇ ಇದು ಎಂದಮೇಲೆ ಹದಿನಾಲ್ಕು ವರ್ಷದವರ ಮಾತೇನು! ಆದ್ದರಿಂದ ಮೊದಲ ನಿಯಮ: ಕಳೆದ ವರ್ಷದ ‘ಒಳ್ಳೆಯ’ ಮಾದರಿಯನ್ನು ಲ್ಯಾಬಿನ ಶೋಕೇಸಿನಿಂದ ತೆಗೆದು ಬೀರುವಿನಲ್ಲಿಡಿ. ತೋರಿಸಲೇಬೇಕೆಂದರೆ ಒಂದಕ್ಕೊಂದು ಹೋಲದ ಮೂರನ್ನು ಒಟ್ಟಿಗೆ ತೋರಿಸಿ.

ಎರಡನೆಯದು, ವಸ್ತುವಿನ ಹೆಸರು ಹೇಳಿ ಕೆಲಸ ಕೊಡಬೇಡಿ. ‘ಸ್ಮಾರ್ಟ್ ಡಸ್ಟ್‌ಬಿನ್ ಮಾಡಿ’ ಎಂದರೆ ನಿರ್ಧಾರಗಳೆಲ್ಲ ಆಗಿಹೋದವು. ‘ಏನಾದರೂ ಹೊಸದು ಮಾಡಿ’ ಎಂದರೂ ಅದೇ, ದಿಕ್ಕು ತೋಚದ ಮಗು ನೇರವಾಗಿ ಯೂಟ್ಯೂಬಿಗೆ ಹೋಗುತ್ತದೆ. ಇವೆರಡರ ನಡುವೆ ಒಬ್ಬ ಬಳಕೆದಾರ, ಒಂದು ಸನ್ನಿವೇಶ, ಒಂದು ತಾಂತ್ರಿಕ ಬೇಲಿ, ಈ ಮೂರನ್ನು ಕೊಡಬೇಕು.

ನಿಮ್ಮ 42 ಮಕ್ಕಳಿಗೆ ಹೊಂದುವ ಒಂದು ಕೆಲಸ ಹೇಳುತ್ತೇನೆ: ‘ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಮಕ್ಕಳು ಎಣಿಕೆ, ಅಕ್ಷರ ಅಥವಾ ಕಥೆ ಕಲಿಯಲು ಸಹಾಯವಾಗುವ, ಕೈಯಲ್ಲಿ ಹಿಡಿ ತಿರುಗಿಸಿದರೆ ಚಲಿಸುವ ಪೆಟ್ಟಿಗೆಯೊಂದನ್ನು ವಿನ್ಯಾಸ ಮಾಡಿ. ಒಳಗೆ ಕನಿಷ್ಠ ಒಂದು ಕ್ಯಾಮ್ (ತಿರುಗುತ್ತ ತನ್ನ ಮೇಲಿನ ಕಡ್ಡಿಯನ್ನು ಏರಿಸಿ ಇಳಿಸುವ ಬಿಲ್ಲೆ) ಇರಬೇಕು. ಮುಖ್ಯವಾಗಿ ರಟ್ಟು, ಬಿದಿರು ಕಡ್ಡಿ, ಕಾಗದ ಬಳಸಬೇಕು.’ ಬಳಕೆದಾರರು ಕಾಂಪೌಂಡಿನ ಆಚೆಯೇ ಇದ್ದಾರೆ, ಆರೇಳು ವರ್ಷದವರು, ಇಷ್ಟವಾಗದಿದ್ದರೆ ಮುಖದ ಮೇಲೇ ಹೇಳುತ್ತಾರೆ. ಸಾಮಗ್ರಿ ಅಗ್ಗ, ಹಾಳಾದರೆ ಮತ್ತೆ ಕತ್ತರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಮ್‌ನಲ್ಲಿ ಲೆಕ್ಕ ಇದೆ: ಮೊದಲು ಊಹಿಸಿ ಆಮೇಲೆ ಅಳೆಯಬಹುದು. ಅಂಕ ಕೊಡಲು ಅದಕ್ಕಿಂತ ಗಟ್ಟಿ ಆಧಾರ ಬೇರೆ ಸಿಗದು.

ಹತ್ತು ವಾರ

ಮುಖ್ಯ ಶಿಕ್ಷಕರನ್ನು ಕೇಳಿ ಎರಡು ಪೀರಿಯಡ್‌ಗಳನ್ನು ಒಟ್ಟಿಗೆ ಹಾಕಿಸಿಕೊಳ್ಳಿ. 40 ನಿಮಿಷದಲ್ಲಿ ಸಾಮಾನು ಹಂಚಿ ವಾಪಸ್ ತೆಗೆದಿಡುವುದಕ್ಕೇ 15 ನಿಮಿಷ ಹೋಗುತ್ತದೆ. 80 ನಿಮಿಷ ಸಿಕ್ಕರೆ ಕೆಲಸಕ್ಕೆ ಒಂದು ಗಂಟೆ ಉಳಿಯುತ್ತದೆ. ಇಬ್ಬಿಬ್ಬರ 21 ಜೋಡಿ ಮಾಡಿ. ಐದಾರು ಜನರ ಗುಂಪಿನಲ್ಲಿ ಇಬ್ಬರು ಮಾಡುತ್ತಾರೆ, ಒಬ್ಬರು ಬಣ್ಣ ಹಚ್ಚುತ್ತಾರೆ, ಉಳಿದವರು ನೋಡುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಆ ಬಣ್ಣ ಹಚ್ಚುವ ಕೆಲಸವೇ ಬರುವುದು ಎಷ್ಟು ಸಾಮಾನ್ಯ ಎಂದು ನೀವೇ ನೋಡಿರುತ್ತೀರಿ.

ಮೊದಲ ವಾರ ಬಿಚ್ಚುವುದು. ಒತ್ತಿದರೆ ನಿಬ್ಬು ಹೊರಬರುವ ಪೆನ್ನು, ಬಟ್ಟೆ ಕ್ಲಿಪ್ಪು, ಕ್ಲಿಪ್ ಇರುವ ಟಿಫಿನ್ ಡಬ್ಬಿ, ಇವುಗಳಲ್ಲಿ ಒಂದನ್ನು ಜೋಡಿಗೊಂದರಂತೆ ಕೊಡಿ. ಯಾವ ಭಾಗ ಚಲಿಸುತ್ತದೆ, ಯಾವುದು ಅದನ್ನು ವಾಪಸ್ ತರುತ್ತದೆ, ಈ ಭಾಗ ಇದೇ ಸಾಮಗ್ರಿಯಿಂದ ಯಾಕೆ, ಮೊದಲು ಎಲ್ಲಿ ಹಾಳಾಗಬಹುದು? ಈ ನಾಲ್ಕೇ ಪ್ರಶ್ನೆ, ಒಂದೇ ಹಾಳೆ.

ಎರಡು ಮತ್ತು ಮೂರನೇ ವಾರ ಎಲ್ಲರೂ ಒಂದೇ ಅಳತೆಯ ಅಭ್ಯಾಸ ಪೆಟ್ಟಿಗೆ ಮಾಡಲಿ. ಇಲ್ಲಿ ಸೃಜನಶೀಲತೆ ಬೇಡ, ಕೈಗೆ ಹದ ಬರಲಿ. ಕೈಗೆ ಕೌಶಲವಿಲ್ಲದವರು ಐಡಿಯಾ ಕೊಡಿ ಎಂದರೆ ತಮ್ಮಿಂದ ಮಾಡಲಾಗುವುದನ್ನಷ್ಟೇ ಯೋಚಿಸುತ್ತಾರೆ, ಇಲ್ಲವೇ ಮಾಡಲಾಗದ್ದನ್ನು ಬರೆದು ಕೈಬಿಡುತ್ತಾರೆ. ಈ ಪೆಟ್ಟಿಗೆಯ ವಿವರ ಮುಂದೆ ಕೊಟ್ಟಿದ್ದೇನೆ.

ನಾಲ್ಕನೇ ವಾರ ನಲಿ-ಕಲಿ ಕೊಠಡಿಗೆ ಹೋಗುವುದು. ಎಲ್ಲ 42 ಜನ ಒಟ್ಟಿಗೆ ನುಗ್ಗಿದರೆ ಚಿಕ್ಕಮಕ್ಕಳ ಪಾಠ ಹಾಳು. ಮೂರು ತಂಡವಾಗಿ ತಲಾ 20 ನಿಮಿಷ ಸಾಕು. ‘ನಿಮಗೆ ಏನು ಬೇಕು?’ ಎಂದು ಕೇಳಲು ಬಿಡಬೇಡಿ, ಆರು ವರ್ಷದ ಮಗು ‘ಕಾರು’ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಬದಲಿಗೆ ನೋಡಿ ಬರೆದುಕೊಳ್ಳಲಿ: ಮಗು ಯಾವ ಕಾರ್ಡಿನ ಹತ್ತಿರ ತಡವರಿಸಿತು, ಎಷ್ಟು ಹೊತ್ತು ಒಂದೇ ಕಡೆ ಕೂತಿತು, ವಸ್ತುವನ್ನು ಒಂದು ಕೈಯಲ್ಲಿ ಹಿಡಿಯಿತೋ ಎರಡರಲ್ಲೋ, ನೆಲದ ಮೇಲಿಟ್ಟಿತೋ ತೊಡೆಯ ಮೇಲೋ. ಅಂಗೈ ಅಗಲವನ್ನು ಸ್ಕೇಲಿನಲ್ಲಿ ಅಳೆದುಕೊಂಡು ಬರಲಿ. ಹಿಡಿಯ ಉದ್ದ ನಿರ್ಧರಿಸುವಾಗ ಈ ಅಳತೆ ಬೇಕಾಗುತ್ತದೆ.

ಐದನೇ ವಾರ ನಿಬಂಧನೆ ಬರೆಯುವುದು. ಐದು ವಾಕ್ಯ, ಪ್ರತಿಯೊಂದನ್ನೂ ಕೊನೆಗೆ ಪರೀಕ್ಷಿಸಲು ಆಗಬೇಕು. ‘ಆಕರ್ಷಕವಾಗಿರಬೇಕು’, ‘ಗಟ್ಟಿಮುಟ್ಟಾಗಿರಬೇಕು’ ಎಂದು ಬರೆದರೆ ವಾಪಸ್ ಕೊಡಿ. ‘ಎರಡನೇ ತರಗತಿಯ ಮಗು ಯಾರೂ ಹೇಳಿಕೊಡದೆ ಹಿಡಿಯನ್ನು ಹುಡುಕಿ ತಿರುಗಿಸಬೇಕು’, ‘50 ಸುತ್ತು ತಿರುಗಿಸಿದ ಮೇಲೂ ಕ್ಯಾಮ್ ಕಡ್ಡಿಯ ಮೇಲೆ ಜಾರಬಾರದು’, ‘ಮೇಲೆದ್ದ ಅಂಕಿ 2 ಮೀಟರ್ ದೂರದಿಂದ ಓದಲು ಬರಬೇಕು’. ಹೀಗಿದ್ದರೆ ಸರಿ. ಇಂಥ ವಾಕ್ಯ ಬರೆಯಲು ಮಕ್ಕಳಿಗೆ ಬಹಳ ಕಷ್ಟವಾಗುತ್ತದೆ, ಇಡೀ 80 ನಿಮಿಷ ಇದಕ್ಕೇ ಹೋದರೂ ಹೋಗಲಿ.

ಆರನೇ ವಾರ ಐಡಿಯಾ. ಎ4 ಹಾಳೆಯನ್ನು ಮಡಚಿ ಎಂಟು ಚೌಕ ಮಾಡಿಸಿ. ಒಂದು ಚೌಕಕ್ಕೆ ಎರಡು ನಿಮಿಷ. ಪೆನ್ನಿನಲ್ಲೇ ಬರೆಯಬೇಕು, ಪೆನ್ಸಿಲು ರಬ್ಬರು ಎರಡೂ ಇಲ್ಲ. ರಬ್ಬರು ಸಿಕ್ಕರೆ ಮಗು ಒಂದೇ ಚಿತ್ರವನ್ನು ಇಪ್ಪತ್ತು ನಿಮಿಷ ತಿದ್ದುತ್ತದೆ, ಮೊದಲು ಹೊಳೆದದ್ದೇನೆಂಬ ಕುರುಹೂ ಅಳಿದುಹೋಗುತ್ತದೆ. ಎಂಟು ಚೌಕ ತುಂಬಿದ ಮೇಲೆ ಹಾಳೆಯನ್ನು ಬೇರೆ ಜೋಡಿಗೆ ಕೊಡಲಿ. ಅವರು ಇನ್ನೊಂದು ಬಣ್ಣದ ಪೆನ್ನಿನಲ್ಲಿ ಒಂದು ಐಡಿಯಾವನ್ನು ಮುಂದುವರಿಸಿ, ಇನ್ನೊಂದರ ಪಕ್ಕ ‘ಇದು ಯಾಕೆ ಕೆಲಸ ಮಾಡಲಿಕ್ಕಿಲ್ಲ’ ಎಂದು ಬರೆದು ಹಿಂದಿರುಗಿಸಲಿ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ವಿನ್ಯಾಸ ಶಿಕ್ಷಣದ ಸಂಶೋಧಕ ರಿಚರ್ಡ್ ಕಿಂಬೆಲ್ ಅವರ ತಂಡ 2000ದ ದಶಕದಲ್ಲಿ ನಡೆಸಿದ ಇ-ಸ್ಕೇಪ್ ಯೋಜನೆಯ ಆರು ಗಂಟೆಯ ಪರೀಕ್ಷೆಯಲ್ಲೂ ಮಕ್ಕಳು ಹೀಗೆ ಹಾಳೆ ಬದಲಿಸಿಕೊಳ್ಳುವ ಹಂತವಿತ್ತು. ಅದರಿಂದ ನಕಲಾಗುತ್ತದೆ ಎಂಬ ಹೆದರಿಕೆ ಬೇಡ. ಯಾವ ಗೆರೆ ಯಾರದೆಂದು ಬಣ್ಣವೇ ಹೇಳುತ್ತದೆ.

ಏಳನೇ ವಾರ ಕಾಗದದ ಕಚ್ಚಾ ಮಾದರಿ, ಎಂಟು-ಒಂಬತ್ತು ತಯಾರಿ, ಹತ್ತು ಚಿಕ್ಕಮಕ್ಕಳ ಕೈಗೆ ಕೊಟ್ಟು ಪರೀಕ್ಷೆ. ಶಾಲೆಯಲ್ಲಿ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಬಂದು ಎರಡು ವಾರ ಹೋಗುವುದು ಗ್ಯಾರಂಟಿ. ಆಗ ತಯಾರಿಯ ವಾರದಲ್ಲಿ ಕತ್ತರಿಸಿ, ಪರೀಕ್ಷೆಯ ವಾರವನ್ನು ಮಾತ್ರ ಮುಟ್ಟಬೇಡಿ. ಎಲ್ಲ ಕಡೆ ಮೊದಲು ಬಲಿಯಾಗುವುದು ಅದೇ.

ಅಭ್ಯಾಸ ಪೆಟ್ಟಿಗೆ: ಅಳತೆ ಮತ್ತು ಕಾಟಗಳು

21 ಜೋಡಿಗೆ ಬೇಕಾದದ್ದು: ಕಿರಾಣಿ ಅಂಗಡಿಯ ರಟ್ಟಿನ ಡಬ್ಬಗಳು, 3 ಮಿ.ಮೀ. ದಪ್ಪದ ಬಿದಿರು ಕಡ್ಡಿ 100ರ ಒಂದು ಕಟ್ಟು, ಅರ್ಧ ಕೆ.ಜಿ. ಫೆವಿಕಾಲ್ ಎರಡು, ಕಟರ್ 6, ಸ್ಟೀಲ್ ಸ್ಕೇಲು 6, ಮುಗಿದ ಬಾಲ್‌ಪೆನ್ನುಗಳ ಹೊರಕೊಳವೆ 45ರಷ್ಟು. ಪೆನ್ನಿನ ಕೊಳವೆಯೊಳಗೆ ಬಿದಿರು ಕಡ್ಡಿ ಸಲೀಸಾಗಿ ಓಡಾಡುತ್ತದೆ, ಮಕ್ಕಳಿಂದಲೇ ಕೂಡಿಸಬಹುದು. ಮೊದಲೆಲ್ಲ ಇದಕ್ಕೆ ಪ್ಲಾಸ್ಟಿಕ್ ಸ್ಟ್ರಾ ಬಳಸುತ್ತಿದ್ದರು, 2022ರ ಜುಲೈ 1ರಿಂದ ಅದು ನಿಷೇಧ. ಕಾಗದದ ಸ್ಟ್ರಾ ಫೆವಿಕಾಲಿಗೆ ಮೆತ್ತಗಾಗಿ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

ಪೆಟ್ಟಿಗೆಯ ಒಳ ಎತ್ತರ 120 ಮಿ.ಮೀ., ಅಗಲ 120, ಆಳ 70. ಕ್ಯಾಮ್ ಎಂದರೆ 50 ಮಿ.ಮೀ. ವ್ಯಾಸದ ಬಿಲ್ಲೆ, ತೂತು ಮಾತ್ರ ಕೇಂದ್ರದಲ್ಲಿಲ್ಲ, 8 ಮಿ.ಮೀ. ಪಕ್ಕಕ್ಕೆ. ಈ ತೂತಿನಲ್ಲಿ ಸಿಕ್ಕಿಸಿ ತಿರುಗಿಸುವ ಅಚ್ಚಿನ ಕಡ್ಡಿ ತಳದಿಂದ 40 ಮಿ.ಮೀ. ಮೇಲೆ ಅಡ್ಡ ಹಾಯುತ್ತದೆ. ಬಿಲ್ಲೆ ತಿರುಗಿದಾಗ ಅಚ್ಚಿನಿಂದ ಅದರ ಅಂಚು ಒಮ್ಮೆ 33 ಮಿ.ಮೀ. ದೂರ, ಇನ್ನೊಮ್ಮೆ 17 ಮಿ.ಮೀ. ದೂರ. ವ್ಯತ್ಯಾಸ 16. ಬಿಲ್ಲೆಯ ಮೇಲೆ ನೆಟ್ಟಗೆ ನಿಂತು ಮುಚ್ಚಳದಿಂದ ಹೊರಬರುವ ಕಡ್ಡಿ ಅಷ್ಟು ಏರಿಳಿಯುತ್ತದೆ. ಮಕ್ಕಳಲ್ಲಿ ಬಹುಪಾಲು ‘8’ ಎಂದೇ ಊಹಿಸುತ್ತಾರೆ. ಪಕ್ಕಕ್ಕೆ ಸರಿಸಿದ್ದರ ಎರಡರಷ್ಟು ಏರಿಳಿತ ಎಂಬುದನ್ನು ಬೋರ್ಡಿನ ಮೇಲೆ ಹೇಳಿಬಿಡಬೇಡಿ, ಊಹೆ ಬರೆಸಿ, ತಿರುಗಿಸಿ, ಅಳೆಸಿ.

ಅಳೆದರೆ 16 ಬರುವುದಿಲ್ಲ. 13 ಬರುತ್ತದೆ, 14 ಬರುತ್ತದೆ. ಪಾಠದ ತಿರುಳು ಇಲ್ಲೇ ಇದೆ. ‘ತಪ್ಪು ಬಂತು ಮಿಸ್’ ಎಂದು ಮಗು ಓಡಿ ಬಂದಾಗ, ಆ 3 ಮಿಲಿಮೀಟರ್ ಎಲ್ಲಿ ಹೋಯಿತು ಹುಡುಕು ಎನ್ನಿ. ಪಕ್ಕದ ಗೋಡೆಯ ತೂತು ಸಡಿಲವಾಗಿ ಅಚ್ಚು ಕೆಳಗೆ ಜಗ್ಗಿರಬಹುದು. ಬಿಲ್ಲೆಯ ಅಂಚು ನುಜ್ಜಾಗಿರಬಹುದು. ತೂತು 8ರ ಬದಲು 7ಕ್ಕೆ ಬಿದ್ದಿದ್ದರೆ ಅಲ್ಲೇ 2 ಮಿಲಿಮೀಟರ್ ಖೋತಾ.

ಮತ್ತೆ ಮತ್ತೆ ಎದುರಾಗುವ ಕಾಟಗಳು ಇವು. ಏರಿಳಿಯುವ ಕಡ್ಡಿ ಅರ್ಧಕ್ಕೆ ಸಿಕ್ಕಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ. ಮುಚ್ಚಳದ ರಟ್ಟಿಗೆ ತೂತು ಮಾಡಿ ಕಡ್ಡಿಯನ್ನು ಹಾಗೇ ಇಳಿಬಿಟ್ಟರೆ ಕಡ್ಡಿ ಓರೆಯಾಗಿ ತೂತಿನ ಎರಡು ಅಂಚಿಗೆ ಕಚ್ಚಿಕೊಳ್ಳುತ್ತದೆ. ಮುಚ್ಚಳದಿಂದ ಕೆಳಕ್ಕೆ ಇಳಿಯುವಂತೆ 30 ಮಿ.ಮೀ. ಪೆನ್ನಿನ ಕೊಳವೆ ಕೂರಿಸಿದರೆ ನೆಟ್ಟಗೆ ಓಡುತ್ತದೆ. ಅದಕ್ಕಿಂತ ಉದ್ದ ಬೇಡ: ಬಿಲ್ಲೆಯ ತುದಿ ತಳದಿಂದ 73ಕ್ಕೆ ಏರುತ್ತದೆ, ಕಡ್ಡಿಯ ಕೆಳತುದಿಗೆ ಅಂಟಿಸುವ ಪಾದದ ದಪ್ಪ 10 ಎಂದರೆ 83, 120ರಲ್ಲಿ ಉಳಿದದ್ದು 37. ಈ ಕೂಡುವ-ಕಳೆಯುವ ಲೆಕ್ಕ ಮಾಡದೆ ಕೊಳವೆ ಅಂಟಿಸಿದ ಜೋಡಿಯ ಪೆಟ್ಟಿಗೆ ಅರ್ಧ ಸುತ್ತಿಗೆ ನಿಲ್ಲುತ್ತದೆ.

ಕಡ್ಡಿಯ ಕೆಳತುದಿಯ ಪಾದ ಚಿಕ್ಕದಾದರೆ ಬಿಲ್ಲೆ ಅದರ ಪಕ್ಕಕ್ಕೆ ನುಗ್ಗಿ ಕಡ್ಡಿಯನ್ನು ಓರೆಗೆ ತಳ್ಳುತ್ತದೆ. ಬಿಲ್ಲೆ ತಾಗುವ ಬಿಂದು ಎಡಕ್ಕೆ 8, ಬಲಕ್ಕೆ 8 ಮಿ.ಮೀ. ಓಡಾಡುವುದರಿಂದ ಪಾದ 16ಕ್ಕಿಂತ ಸಾಕಷ್ಟು ಅಗಲವಿರಬೇಕು, 40 ಮಿ.ಮೀ. ಇಟ್ಟರೆ ನಿಶ್ಚಿಂತೆ. ಕಡ್ಡಿ ಮೇಲೆ ಹೋಗಿ ಕೆಳಗೆ ಬರದಿದ್ದರೆ ಭಾರ ಸಾಲದು, ಪಾದದ ಮೇಲೆ ಒಂದು ನಟ್ಟು ಅಥವಾ ವಾಷರ್ ಅಂಟಿಸಿ. ಕ್ಯಾಮ್ ಜಾರಿ ಕಡ್ಡಿ ಮಾತ್ರ ತಿರುಗುತ್ತಿದ್ದರೆ ಬಿದಿರಿನ ನುಣುಪು ಕಾರಣ. ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ನೂಲು ಸುತ್ತಿ, ಆಮೇಲೆ ಫೆವಿಕಾಲ್ ಹಾಕಬೇಕು. ಒಂದೇ ಪದರದ ರಟ್ಟಿನ ಬಿಲ್ಲೆ ಬಾಗುತ್ತದೆ, ಒಳಗಿನ ಅಲೆಗಳು ಒಂದಕ್ಕೊಂದು ಅಡ್ಡವಾಗುವಂತೆ ಎರಡು ಪದರ ಅಂಟಿಸಿ. ಮುಂದೆ-ಹಿಂದೆ ಎರಡೂ ಬದಿ ತೆರೆದ ಪೆಟ್ಟಿಗೆ ಪಕ್ಕಕ್ಕೆ ವಾಲುತ್ತದೆ, ಹಿಂಬದಿ ಮುಚ್ಚಿ ಅಥವಾ ನಾಲ್ಕು ಮೂಲೆಗೆ ತ್ರಿಕೋನದ ಪಟ್ಟಿ ಕೊಡಿ. ಅಚ್ಚಿನ ತೂತು ಎರಡು ಗೋಡೆಯಲ್ಲೂ ಒಂದೇ ಎತ್ತರಕ್ಕೆ ಬರಬೇಕೆಂದರೆ ಎರಡು ತುಂಡನ್ನೂ ಒಂದರ ಮೇಲೊಂದಿಟ್ಟು ಒಂದೇ ಸಲ ಚುಚ್ಚಬೇಕು.

ಬೇರೆ ಆಕಾರದ ಕ್ಯಾಮ್‌ಗಳನ್ನು ಮೂರನೇ ವಾರ ತೋರಿಸಿ. ಬಸವನಹುಳುವಿನ ಚಿಪ್ಪಿನ ಆಕಾರದ್ದು ನಿಧಾನ ಏರಿಸಿ ಧೊಪ್ಪನೆ ಬೀಳಿಸುತ್ತದೆ. ಆದರೆ ಒಂದೇ ದಿಕ್ಕಿಗೆ, ಹಿಂದಕ್ಕೆ ತಿರುಗಿಸಿದರೆ ಲಾಕ್. ಚಿಕ್ಕಮಕ್ಕಳು ಖಂಡಿತ ಹಿಂದಕ್ಕೆ ತಿರುಗಿಸುತ್ತಾರೆ, ಇದನ್ನು ನಿಮ್ಮ ವಿದ್ಯಾರ್ಥಿಗಳು ಮುಂಚೆಯೇ ಊಹಿಸುತ್ತಾರೋ ಇಲ್ಲವೋ ನೋಡಿ. ಪೇರಲೆ ಹಣ್ಣಿನ ಆಕಾರದ್ದು ಅರ್ಧ ಸುತ್ತು ಸುಮ್ಮನಿದ್ದು ಉಳಿದರ್ಧದಲ್ಲಿ ಏರಿಳಿಯುತ್ತದೆ. ವೃತ್ತದ ಬಿಲ್ಲೆಯನ್ನು ಪಾದದ ನಡುವಿನ ಬದಲು ಅಂಚಿನ ಹತ್ತಿರ ಇಟ್ಟರೆ ಕಡ್ಡಿ ಏರುವುದರ ಜೊತೆಗೆ ಸುತ್ತಲೂ ಶುರುಮಾಡುತ್ತದೆ. ಯಾರಾದರೂ ಇದನ್ನು ತಪ್ಪಿನಿಂದ ಕಂಡುಹಿಡಿದು ಬೊಂಬೆ ಕುಣಿಸಿದರೆ ಅದನ್ನೂ ಹಾಳೆಯಲ್ಲಿ ಬರೆಸಿ.

ಕಟರ್ ವಿಷಯದಲ್ಲಿ ರಾಜಿ ಇಲ್ಲ. ಆರು ಕಟರ್‌ಗೆ ನಂಬರ್ ಹಾಕಿ, ಒಂದೇ ಮೇಜಿನಲ್ಲಿ, ನಿಂತು, ಸ್ಟೀಲ್ ಸ್ಕೇಲಿನ ಆಸರೆಯಲ್ಲಿ, ಒತ್ತದೆ ಮೂರು ನಾಲ್ಕು ಸಲ ಎಳೆಯಬೇಕು. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಹೆರೆದು ಬೆರಳಿಗೆ ಏರುತ್ತದೆ. ಆರೂ ವಾಪಸ್ ಬಂದು ನೀವು ಎಣಿಸುವವರೆಗೆ ಬೆಲ್ಲಾದರೂ ಯಾರೂ ಹೊರಡಬಾರದು. ಗ್ಲೂ ಗನ್ ಬೇಕೆಂದರೆ ಎರಡೇ, ನಿಮ್ಮ ಪಕ್ಕದಲ್ಲೇ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ, ಟೂತ್‌ಪೇಸ್ಟ್ ಬೇಡವೇ ಬೇಡ.

ಟಿಂಕರಿಂಗ್ ಲ್ಯಾಬಿನಲ್ಲಿ ತ್ರೀಡಿ ಪ್ರಿಂಟರ್ ಇದೆಯಲ್ಲ ಎಂದು ನೀವು ಕೇಳಬಹುದು. ಒಂದು ಕ್ಯಾಮ್‌ಗೆ ಮುಕ್ಕಾಲು ಗಂಟೆ ಎಂದು ಹಿಡಿದರೂ 21 ಜೋಡಿಗೆ ಸುಮಾರು 16 ಗಂಟೆ. ಅಷ್ಟು ಹೊತ್ತಿನಲ್ಲಿ ಒಬ್ಬ ಹುಡುಗ ರಟ್ಟಿನಲ್ಲಿ ಹತ್ತಾರು ಬಿಲ್ಲೆ ಕತ್ತರಿಸಿ ನೋಡಬಹುದು. ರಟ್ಟಿನಲ್ಲಿ ಪರೀಕ್ಷಿಸಿ ಅಳತೆ ಪಕ್ಕಾ ಆದ ಮೂರ್ನಾಲ್ಕು ಜೋಡಿಗೆ ಮಾತ್ರ ಪ್ರಿಂಟರ್ ಕೊಡಿ. ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನ ಕಿಟ್ಟಿಗೂ ಇದೇ ಮಾತು: ಸೂಚನೆಯಂತೆ ವೈರು ಜೋಡಿಸಿ ಸಿದ್ಧ ಕೋಡ್ ಹಾಕಿದರೆ ಕೌಶಲಕ್ಕೆ ಅಂಕ ಕೊಡಬಹುದು, ವಿನ್ಯಾಸಕ್ಕೆ ಕೊಡಲು ಅಲ್ಲಿ ಮಗು ನಿರ್ಧರಿಸಿದ್ದು ಏನೂ ಇರುವುದಿಲ್ಲ.

ದಾಖಲೆ

ಫೈಲು ಬೇಡ. ಪ್ರತಿಯೊಂದು ಮಗುವಿಗೂ ವಾರಕ್ಕೊಂದು ಹಾಳೆ. ಜೋಡಿಗಲ್ಲ, ಒಬ್ಬೊಬ್ಬರಿಗೆ. ಮೇಲರ್ಧ ಚಿತ್ರಕ್ಕೆ ಮತ್ತು ಅಳತೆಗೆ, ಕೆಳಗೆ ಮೂರು ಸಾಲು: ‘ಇವತ್ತು ಏನು ಕೆಲಸ ಮಾಡಲಿಲ್ಲ? ಯಾಕೆ ಅನ್ನಿಸುತ್ತದೆ? ಮುಂದಿನ ವಾರ ಏನು ಬದಲಿಸುತ್ತೀಯ?’ ಪೀರಿಯಡ್ಡಿನ ಕೊನೆಯ ಎಂಟು ನಿಮಿಷ ಇದಕ್ಕೇ ಮೀಸಲು. ನೀವು ದಿನಾಂಕ ಹಾಕಿ ಸಹಿ ಮಾಡಿ ಹಾಳೆಯನ್ನು ಇಟ್ಟುಕೊಳ್ಳಿ, ಮನೆಗೆ ಕೊಡಬೇಡಿ. ಪೆಟ್ಟಿಗೆಯೂ ಮನೆಗೆ ಹೋಗಬಾರದು. ಪ್ರತಿ ವಾರ ಪೆಟ್ಟಿಗೆಯ ಒಂದು ಫೋಟೊ, ಪಕ್ಕದಲ್ಲಿ ಜೋಡಿಯ ನಂಬರ್ ಬರೆದ ಚೀಟಿ. ಅಪ್ಪನ, ಅಂಗಡಿಯ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ. ಹೋಂವರ್ಕ್ ಕೊಡಬೇಕೆನಿಸಿದರೆ ನೋಡಿ ಬರುವುದನ್ನು ಕೊಡಿ, ಮಾಡಿ ತರುವುದನ್ನಲ್ಲ.

ಇಷ್ಟರ ಮೇಲೂ ಯಾರು ಮಾಡಿದ್ದು ಎಂಬ ಸಂಶಯ ಉಳಿದರೆ ಎಂಟು-ಒಂಬತ್ತನೇ ವಾರ ಕೆಲಸ ನಡೆಯುತ್ತಿರುವಾಗಲೇ ಪ್ರತಿ ಮಗುವಿನ ಹತ್ತಿರ ಎರಡು ನಿಮಿಷ ನಿಲ್ಲಿ. ‘ಈ ಕೊಳವೆ ತೆಗೆದರೆ ಏನಾಗುತ್ತೆ?’ ‘ಇನ್ನೂ 4 ಮಿ.ಮೀ. ಹೆಚ್ಚು ಏರಬೇಕೆಂದರೆ ಏನು ಬದಲಿಸುತ್ತೀಯ?’ ಮಾಡಿದವನು ತೂತನ್ನು 2 ಮಿ.ಮೀ. ಸರಿಸಿ ಹೊಸ ಬಿಲ್ಲೆ ಕತ್ತರಿಸುತ್ತೇನೆ ಎನ್ನುತ್ತಾನೆ, ಮಾಡದವನು ಜೊತೆಗಾರನ ಮುಖ ನೋಡುತ್ತಾನೆ. 42 ಮಕ್ಕಳಿಗೆ ಒಟ್ಟು 84 ನಿಮಿಷ, ಎರಡು ವಾರಕ್ಕೆ ಹಂಚಿದರೆ ಭಾರವಲ್ಲ.

ಅಂಕ

50 ಅಂಕವನ್ನು ಹೀಗೆ ಹಂಚಬಹುದು: ನೋಡಿ ಬರೆದದ್ದಕ್ಕೆ 6, ನಿಬಂಧನೆಗೆ 6, ಐಡಿಯಾಗೆ 8, ಬದಲಾವಣೆಗಳಿಗೆ 10, ತಯಾರಿಗೆ 8, ಪರೀಕ್ಷೆಗೆ 12. ತಯಾರಿಯ 8 ಮಾತ್ರ ಜೋಡಿಗೆ ಸಮ, ಉಳಿದ 42 ಒಬ್ಬೊಬ್ಬರದು. ಪರೀಕ್ಷೆಗೆ ಹೆಚ್ಚು ಇಟ್ಟದ್ದು ಬೇಕೆಂದೇ. ‘ಮಕ್ಕಳಿಗೆ ತುಂಬಾ ಇಷ್ಟವಾಯಿತು’ ಎಂದು ಬರೆದರೆ 12ಕ್ಕೆ 2. ತಾನೇ ಬರೆದ ಐದು ನಿಬಂಧನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಎಷ್ಟು ಮಕ್ಕಳು, ಎಷ್ಟು ಸುತ್ತು, ಏನಾಯಿತು ಎಂದು ಬರೆದು, ಆಗದ್ದಕ್ಕೆ ಕಾರಣ ಕೊಟ್ಟರೆ 10ರ ಮೇಲೆ. ಪೆಟ್ಟಿಗೆ ಕೈಕೊಟ್ಟರೂ ಈ 12 ಪೂರ್ತಿ ಸಿಗಬಹುದು ಎಂದು ಮೊದಲ ದಿನವೇ ತರಗತಿಗೆ ಹೇಳಿ. ಇಲ್ಲದಿದ್ದರೆ ಹಾಳೆಯಲ್ಲಿ ಸುಳ್ಳು ಬರುತ್ತದೆ.

‘ಬದಲಾವಣೆ’ಯ 10 ಅಂಕ ಕೊಡುವುದು ಕಷ್ಟ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡು ಮಕ್ಕಳ ಹಾಳೆ ಎದುರಿಗಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ದುಂಡು ಅಕ್ಷರ, ಕೋಳಿ ಕಾಳು ಕುಕ್ಕುವ ಪೆಟ್ಟಿಗೆಯ ಬಣ್ಣದ ಚಿತ್ರ, ‘ಕೋಳಿಯನ್ನು ಇನ್ನೂ ಸುಂದರ ಮಾಡಿದೆವು’ ಎಂಬ ವಾಕ್ಯ. ಇನ್ನೊಂದರಲ್ಲಿ ಗೀಚಿದ ಗೆರೆ, ಮೂಲೆಯಲ್ಲಿ ಫೆವಿಕಾಲ್ ಕಲೆ: ‘ಅಂಕಿ 16 ಏಳಬೇಕಿತ್ತು 11 ಎದ್ದಿತು. ಅಂಕಿ ಬರೆದ ರಟ್ಟು ಭಾರ ಆಗಿ ಕಡ್ಡಿ ವಾಲುತ್ತೆ. ರಟ್ಟಿನ ಬದಲು ಕಾಗದ ಹಾಕಿದೆ, 14 ಬಂತು. ಆದ್ರೆ ಈಗ ಕೆಳಗೆ ಬರಲ್ಲ, ವಾಷರ್ ಹಾಕ್ಬೇಕು.’ ಎರಡನೆಯದಕ್ಕೆ 9. ತೊಂದರೆ ಗುರುತಿಸಿದೆ, ಅಳತೆ ಇದೆ, ಕಾರಣ ಊಹಿಸಿದೆ, ಬದಲಿಸಿದೆ, ಬದಲಾವಣೆಯಿಂದ ಹುಟ್ಟಿದ ಹೊಸ ತೊಂದರೆಯನ್ನೂ ಕಂಡಿದೆ. ಮೊದಲನೆಯದಕ್ಕೆ 3, ಯಾಕೆಂದರೆ ಬದಲಾವಣೆಗೆ ಕಾರಣವಿಲ್ಲ. ಕಾಗುಣಿತ ತಪ್ಪಿಗೆ ಇಲ್ಲಿ ಅಂಕ ಕಳೆಯಬೇಡಿ, ಕನ್ನಡ ಮೇಷ್ಟ್ರು ಅದನ್ನು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಬರೆಯಲು ತಡವರಿಸುವ ಮಗು ಬಾಯಲ್ಲಿ ಹೇಳಿದ್ದನ್ನು ನೀವೇ ಹಾಳೆಯ ಮೇಲೆ ಬರೆದು ಸಹಿ ಮಾಡಿದರೂ ಸರಿ.

ಇಂಥ ಪಟ್ಟಿಯಿಂದ ಕೂಡಿಸಿದ ಒಟ್ಟು ಮೊತ್ತ ಕೆಲವೊಮ್ಮೆ ನಿಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಎಲ್ಲದರಲ್ಲೂ ಮಧ್ಯಮ ಅಂಕ ತೆಗೆದವನು, ಒಂದು ಅದ್ಭುತ ಯೋಚನೆ ಮಾಡಿ ನಿಬಂಧನೆ ಸರಿಯಾಗಿ ಬರೆಯದವಳನ್ನು ಹಿಂದೆ ಹಾಕುತ್ತಾನೆ. ಕಿಂಬೆಲ್ ತಂಡಕ್ಕೆ ಇದು 1980ರ ದಶಕದಲ್ಲೇ ಎದುರಾಗಿತ್ತು. 1988ರಲ್ಲಿ ಸುಮಾರು 10,000 ಹದಿನೈದು ವರ್ಷದ ಮಕ್ಕಳಿಗೆ ಪರೀಕ್ಷೆ ಕೊಟ್ಟಾಗ ಮೊದಲು ಇಡೀ ಕೆಲಸವನ್ನು ಒಟ್ಟಾಗಿ ನೋಡಿ ಅಂಕ ಹಾಕಿ, ಆಮೇಲೆ ಬಿಡಿ ಬಿಡಿಯಾಗಿ ನೋಡುವ ಕ್ರಮ ಅನುಸರಿಸಿದರು. ಮುಂದೆ ಇ-ಸ್ಕೇಪ್‌ನಲ್ಲಿ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ‘ಯಾವುದು ಮೇಲು?’ ಎಂದಷ್ಟೇ ಕೇಳುವ ಹೋಲಿಕೆಯ ವಿಧಾನಕ್ಕೆ ಹೋದರು. 1927ರಲ್ಲಿ ಥರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ ತತ್ವ ಅದಕ್ಕೆ ಬುನಾದಿ: ಒಂದು ವಸ್ತುವಿಗೆ ನೂರಕ್ಕೆ ಇಷ್ಟು ಎಂದು ಹೇಳುವುದಕ್ಕಿಂತ ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳುವುದು ಮನುಷ್ಯರಿಗೆ ಸುಲಭ.

ಪೂರ್ತಿ ವಿಧಾನಕ್ಕೆ ಸಾಫ್ಟ್‌ವೇರ್ ಬೇಕು, ಹೋಲಿಕೆಗಳೂ ಬಹಳ. ಒಂದೊಂದು ಕೆಲಸವನ್ನೂ ಹತ್ತು ಸಲ ಹೋಲಿಸಿದರೆ 42ಕ್ಕೆ 210 ತೀರ್ಪು. ನಿಮಗೆ ಅದರ ಕೈಗಾತ್ರದ ರೂಪ ಸಾಕು. ಹತ್ತು ವಾರದ ಹಾಳೆ ಮತ್ತು ಫೋಟೊಗಳನ್ನು ಮಗುವಿನ ಹೆಸರು ಮರೆಮಾಡಿ ಕಟ್ಟು ಮಾಡಿ. ಅದರಲ್ಲಿ ಐದು ಕಟ್ಟುಗಳನ್ನು ಆರಿಸಿ ಏಣಿಯ ಮೆಟ್ಟಿಲಿನಂತೆ ಕೆಳಗಿನಿಂದ ಮೇಲಕ್ಕೆ ಜೋಡಿಸಿ. ಉಳಿದ 37ರಲ್ಲಿ ಒಂದೊಂದನ್ನೂ ಮೊದಲು ನಡುವಿನ ಮೆಟ್ಟಿಲಿನ ಪಕ್ಕ ಇಡಿ. ಅದಕ್ಕಿಂತ ಮೇಲಾದರೆ ನಾಲ್ಕನೆಯದರ, ಕೀಳಾದರೆ ಎರಡನೆಯದರ ಪಕ್ಕ. ಮೂರು ಹೋಲಿಕೆಗಿಂತ ಹೆಚ್ಚು ಬೇಕಾಗುವುದಿಲ್ಲ. ಗಣಿತ ಅಥವಾ ಚಿತ್ರಕಲೆಯ ಶಿಕ್ಷಕರೊಬ್ಬರು ನಿಮ್ಮ ಫಲಿತಾಂಶ ನೋಡದೆ ಇದನ್ನೇ ಬೇರೆಯಾಗಿ ಮಾಡಲಿ. ಇಬ್ಬರ ನಡುವೆ ಒಂದು ಮೆಟ್ಟಿಲಿಗಿಂತ ಹೆಚ್ಚು ವ್ಯತ್ಯಾಸ ಬಂದ ಕಟ್ಟುಗಳನ್ನು ಮಾತ್ರ ಕೂತು ಚರ್ಚಿಸಿ. ಆಮೇಲೆ ನಿಮ್ಮ 50ರ ಅಂಕಪಟ್ಟಿಯ ಪಕ್ಕ ಇಟ್ಟು ನೋಡಿ. ಎರಡೂ ಹೊಂದದ ನಾಲ್ಕೈದು ಮಕ್ಕಳು ಸಿಗುತ್ತಾರೆ, ಅವರ ಹಾಳೆಗಳನ್ನು ಮತ್ತೆ ಓದಿ ಅಂಕ ತಿದ್ದಿ. ಹೋಲಿಕೆಯಿಂದ ಸಿಗುವುದು ಶ್ರೇಣಿ ಮಾತ್ರ ಎಂಬುದು ನೆನಪಿರಲಿ. ಇಡೀ ತರಗತಿ ದುರ್ಬಲವಾಗಿದ್ದರೂ ಒಬ್ಬರು ಮೊದಲು ಬರುತ್ತಾರೆ, ಆದ್ದರಿಂದ ಅಂಕಪಟ್ಟಿಯನ್ನು ಕೈಬಿಡುವಂತಿಲ್ಲ.

ಲಿಖಿತ ಪರೀಕ್ಷೆಯಲ್ಲೂ ಒಂದು ಪ್ರಶ್ನೆ ಸೇರಿಸಿ, ಆದರೆ ‘ಕ್ಯಾಮ್ ಎಂದರೇನು?’ ಎಂದಲ್ಲ. ‘60 ಮಿ.ಮೀ. ವ್ಯಾಸದ ಬಿಲ್ಲೆಯ ತೂತು ಕೇಂದ್ರದಿಂದ 12 ಮಿ.ಮೀ. ದೂರವಿದೆ. ಕಡ್ಡಿ ಎಷ್ಟು ಏರುತ್ತದೆ? ಬಿಲ್ಲೆ ತಳಕ್ಕೆ ತಾಗದಿರಲು ಅಚ್ಚು ಎಷ್ಟು ಎತ್ತರದಲ್ಲಿರಬೇಕು? ಕಡ್ಡಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದೆ, ಎರಡು ಕಾರಣ ಮತ್ತು ಒಂದೊಂದಕ್ಕೆ ಪರಿಹಾರ ಬರೆ.’ ಉತ್ತರ 24, 42ಕ್ಕಿಂತ ಹೆಚ್ಚು, ಮತ್ತು ಪೆಟ್ಟಿಗೆ ಮಾಡಿದವರಿಗೆ ಗೊತ್ತಿರುವ ಕಾರಣಗಳು. ಮೊದಲ ಭಾಗಕ್ಕೆ 12 ಎಂದು ಬರೆದವರು ಎಷ್ಟು ಜನ ಎಣಿಸಿ. ತರಗತಿಯ ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಮುಂದಿನ ಬ್ಯಾಚಿಗೆ ಮೂರನೇ ವಾರದ ಊಹಿಸಿ ಅಳೆಯುವ ಕೆಲಸವನ್ನು ಜೋಡಿಯ ಬದಲು ಒಬ್ಬೊಬ್ಬರಿಂದಲೇ ಮಾಡಿಸಬೇಕಾಗುತ್ತದೆ.